ಮೋಡದಲ್ಲಿ ಹೆಪ್ಪುಗಟ್ಟುವ ರೆಕ್ಕೆ: ಹಾರುವಾಗ ಪೈಲಟ್‌ಗಳು ಐಸ್ ಜೊತೆ ಏಗುವುದು ಹೇಗೆ?

ಜುಲೈ ತಿಂಗಳ ಬೆಂಗಳೂರಿನಲ್ಲಿ ಸ್ವೆಟರ್ ಹಾಕಿಕೊಂಡು ಏರ್‌ಪೋರ್ಟ್‌ಗೆ ಹೋದರೂ, ಅಲ್ಲಿ ಯಾರೂ ವಿಮಾನದ ರೆಕ್ಕೆ ಮೇಲಿನ ಮಂಜುಗಡ್ಡೆ ತೆಗೆಯುತ್ತಿರುವುದು ಕಾಣುವುದಿಲ್ಲ. ಅದೆಲ್ಲ ಟೊರಾಂಟೊ, ಶಿಕಾಗೊ, ಹೆಚ್ಚೆಂದರೆ ಶ್ರೀನಗರದವರ ತಲೆನೋವು ಅಂತ ನಮ್ಮ ಲೆಕ್ಕ. ಆದರೆ ನಮ್ಮ ತಲೆಯ ಮೇಲೆ ನೆಟ್ಟಗೆ ಸುಮಾರು 5 ಕಿಲೋಮೀಟರ್ ಹೋದರೆ ಸಾಕು, ಉಷ್ಣಾಂಶ ಸೊನ್ನೆ ಡಿಗ್ರಿ. ಮಳೆಗಾಲದಲ್ಲೂ ಅಷ್ಟೇ. ಅಲ್ಲಿಂದ ಮೇಲಕ್ಕೆ ಎಷ್ಟು ಮೋಡ ಇದೆಯೋ ಅಷ್ಟೂ ಸೊನ್ನೆಗಿಂತ ತಣ್ಣಗಿನ ಮೋಡ. ಬೆಂಗಳೂರಿನಿಂದ ದೆಹಲಿಗೆ ಹೊರಟ ವಿಮಾನ ಹತ್ತು ನಿಮಿಷದಷ್ಟರಲ್ಲಿ ಆ ಗೆರೆ ದಾಟಿರುತ್ತದೆ. ನಾವು ಆಗಿನ್ನೂ ಸೀಟ್ ಬೆಲ್ಟ್ ಚಿಹ್ನೆ ಯಾವಾಗ ಆಫ್ ಆಗುತ್ತೆ ಅಂತ ಕಾಯ್ತಾ ಇರುತ್ತೇವೆ. ಮುಂದೆ ಕಾಕ್‌ಪಿಟ್‌ನಲ್ಲಿ ಇಬ್ಬರು ಹೊರಗಿನ ಉಷ್ಣಾಂಶ ನೋಡಿ ಒಂದು ಸ್ವಿಚ್ ಒತ್ತಿರುತ್ತಾರೆ.

ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಗೆ ಬರುವ ಎರಡು ಪ್ರೊಪೆಲರ್‌ನ ಎಟಿಆರ್ ವಿಮಾನಗಳದ್ದು ಇನ್ನೂ ಸ್ವಲ್ಪ ಬೇರೆ ಕಥೆ. ಜೆಟ್ ವಿಮಾನ ಈ ಪಟ್ಟಿಯನ್ನು ಕೆಲವೇ ನಿಮಿಷಗಳಲ್ಲಿ ಸೀಳಿಕೊಂಡು ಮೇಲೆ ಹೋಗಿಬಿಡುತ್ತದೆ. ಎಟಿಆರ್‌ಗೆ 25,000 ಅಡಿಯೇ ಮಿತಿ. ಹಾಗಾಗಿ ಜೆಟ್ ದಾಟಿ ಹೋಗುವ ಮೋಡದ ಪಟ್ಟಿಯೊಳಗೇ ಅದರ ಇಡೀ ಪ್ರಯಾಣ ನಡೆಯಬಹುದು.

ಈ ಐಸಿಂಗ್ ಅನ್ನುವ ವಿಷಯವನ್ನು ನಾನು ಓದಲು ಶುರುಮಾಡಿದ್ದು ವಿಮಾನದ ಹುಚ್ಚಿನಿಂದ. ಓದುತ್ತಾ ಹೋದ ಹಾಗೆ, ದಿನವಿಡೀ ಕೋಡ್ ಬರೆಯುವ ನನ್ನಂಥವರಿಗೂ ತೀರಾ ಪರಿಚಿತವಾದ ಒಂದು ಸಮಸ್ಯೆ ಇದರೊಳಗೆ ಕೂತಿದೆ ಅನ್ನಿಸಿತು. ಅದೇನು ಅಂತ ಹೇಳುವ ಮೊದಲು ಸ್ವಲ್ಪ ವಿಜ್ಞಾನ.

ಹೆಪ್ಪು ಹಾಕದ ನೀರು

ಸೊನ್ನೆ ಡಿಗ್ರಿಯಲ್ಲಿ ನೀರು ಐಸ್ ಆಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಸೊನ್ನೆಯಲ್ಲಿ ಐಸ್ ಕರಗುವುದೇನೋ ಖಂಡಿತ. ನೀರು ಗಟ್ಟಿಯಾಗಲು ಮಾತ್ರ ತಣ್ಣಗಿದ್ದರೆ ಸಾಲದು, ಯಾವುದಾದರೂ ಒಂದು ನೆಪ ಬೇಕು. ಹದ ಬೆಚ್ಚಗಿನ ಹಾಲು ಮೊಸರಾಗಲು ಒಂದು ಚಮಚ ಹೆಪ್ಪು ಬೇಕಲ್ಲ, ಹಾಗೆ. ಮೋಡದೊಳಗಿನ ಹನಿಗಳು ತೀರಾ ಸಣ್ಣವು, ಬಹಳ ಶುದ್ಧ. ಹೆಪ್ಪಿನ ಕೆಲಸ ಮಾಡುವ ತಕ್ಕ ಧೂಳಿನ ಕಣ ಸಿಗದಿದ್ದರೆ ಅವು ಮೈನಸ್ 10, ಮೈನಸ್ 20ರಲ್ಲೂ ನೀರಾಗಿಯೇ ತೇಲುತ್ತಿರುತ್ತವೆ. ಮೈನಸ್ 40ರ ಹತ್ತಿರ ಬಂದಾಗ ಮಾತ್ರ ಯಾವ ನೆಪವೂ ಇಲ್ಲದೆ ತಾವಾಗಿಯೇ ಗಟ್ಟಿಯಾಗುತ್ತವೆ.

ಇಂಥ ಮೋಡದೊಳಕ್ಕೆ ವಿಮಾನ ನುಗ್ಗುತ್ತದೆ. ಹನಿಗಳು ಕಾಯುತ್ತಿದ್ದ ಹೆಪ್ಪು ಆ ವಿಮಾನವೇ! ರೆಕ್ಕೆಯ ಮುಂಚೂಣಿ ಅಂಚಿಗೆ ಬಡಿದ ತಕ್ಷಣ ಹನಿ ಅಲ್ಲೇ ಹೆಪ್ಪುಗಟ್ಟುತ್ತದೆ. ಹನಿ ಸಣ್ಣದಿದ್ದು ಚಳಿ ಹೆಚ್ಚಿದ್ದರೆ ಬಡಿದ ಜಾಗದಲ್ಲೇ ಗಟ್ಟಿಯಾಗಿ, ಹಳೇ ಫ್ರಿಜ್‌ನ ಫ್ರೀಜರ್ ಗೋಡೆ ಮೇಲೆ ಕೂರುತ್ತಲ್ಲ, ಅಂಥ ಬೆಳ್ಳಗಿನ ಒರಟು ಪದರ ಬೆಳೆಯುತ್ತದೆ. ಇದಕ್ಕೆ ರೈಮ್ ಐಸ್ ಅನ್ನುತ್ತಾರೆ. ಹನಿ ದೊಡ್ಡದಿದ್ದು ಉಷ್ಣಾಂಶ ಸೊನ್ನೆಯ ಹತ್ತಿರವಿದ್ದರೆ ಒಂದೇ ಏಟಿಗೆ ಪೂರ್ತಿ ಗಟ್ಟಿಯಾಗುವುದಿಲ್ಲ. ತಟ್ಟೆಗೆ ಸುರಿದ ಬೆಲ್ಲದ ಪಾಕದ ಹಾಗೆ ಹಿಂದಕ್ಕೆ ಹರಿಯುತ್ತಾ ಹರಿಯುತ್ತಾ ಗಟ್ಟಿಯಾಗುತ್ತದೆ. ಇದು ಕ್ಲಿಯರ್ ಐಸ್. ಗಾಜಿನಷ್ಟು ಪಾರದರ್ಶಕ, ಕಿತ್ತರೂ ಬಾರದಷ್ಟು ಗಟ್ಟಿ. ಪೈಲಟ್‌ಗಳಿಗೆ ಹೆಚ್ಚು ಭಯ ಇದರದ್ದೇ.

ಐಸ್ ಕೂತರೆ ವಿಮಾನ ಭಾರವಾಗಿ ಬೀಳುತ್ತೆ ಅಂತ ಹಲವರು ಅಂದುಕೊಂಡಿದ್ದಾರೆ. ಭಾರ ಅಷ್ಟು ದೊಡ್ಡ ವಿಷಯವೇ ಅಲ್ಲ. ಕೆಡುವುದು ರೆಕ್ಕೆಯ ಆಕಾರ. ಅದರ ಮೇಲೆ ಗಾಳಿ ಅಂಟಿಕೊಂಡು ನಯವಾಗಿ ಹರಿದರೆ ಮಾತ್ರ ವಿಮಾನ ತೇಲುತ್ತದೆ. ಒರಟು ಸ್ಯಾಂಡ್‌ಪೇಪರ್‌ನಷ್ಟು ತೆಳುವಾದ, ಅಷ್ಟೇ ತರಿತರಿಯಾದ ಐಸ್ ಇದ್ದರೂ ಎತ್ತುವ ಬಲ 30 ಶೇಕಡಾದಷ್ಟು ಕಡಿಮೆಯಾಗಬಹುದು, ಗಾಳಿಯ ಎಳೆತ 40 ಶೇಕಡಾದಷ್ಟು ಹೆಚ್ಚಬಹುದು ಎನ್ನುತ್ತವೆ ಪರೀಕ್ಷೆಗಳು. ಎಳೆತ ಹೆಚ್ಚಿದರೆ ವೇಗ ಇಳಿಯುತ್ತದೆ. ವೇಗ ಇಳಿದರೆ ಎತ್ತರ ಉಳಿಸಿಕೊಳ್ಳಲು ಮೂಗು ಇನ್ನಷ್ಟು ಮೇಲೆತ್ತಬೇಕು. ಎತ್ತಿದಷ್ಟೂ ರೆಕ್ಕೆಯ ಹೊಟ್ಟೆಗೂ ಐಸ್ ಬಡಿಯುತ್ತದೆ. ಕೊನೆಗೊಂದು ಕೋನದಲ್ಲಿ ಗಾಳಿ ರೆಕ್ಕೆಯಿಂದ ಕಿತ್ತುಕೊಳ್ಳುತ್ತದೆ. ಅದೇ ಸ್ಟಾಲ್. ಸ್ವಚ್ಛವಾದ ರೆಕ್ಕೆ ಯಾವ ವೇಗದಲ್ಲಿ ಸ್ಟಾಲ್ ಆಗುತ್ತೆ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಐಸ್ ಕೂತ ರೆಕ್ಕೆ ಅದಕ್ಕಿಂತ ಹೆಚ್ಚಿನ ವೇಗದಲ್ಲೇ ಕೈಕೊಡುತ್ತದೆ.

ಕಾಯಿಸುವುದು, ಒಡೆಯುವುದು

ದೊಡ್ಡ ಜೆಟ್‌ಗಳ ಉಪಾಯ ಸರಳ: ಕಾಯಿಸು. ಎಂಜಿನ್‌ನೊಳಗೆ ಒತ್ತಡಕ್ಕೆ ಸಿಕ್ಕಿ ಬಿಸಿಯಾದ ಗಾಳಿಯಲ್ಲಿ ಒಂದು ಪಾಲು ಕದ್ದು, ಪೈಪ್‌ಗಳ ಮೂಲಕ ಎಂಜಿನ್ ಬಾಯಿಯ ಅಂಚಿಗೂ ರೆಕ್ಕೆಯ ಮುಂಚೂಣಿಗೂ ಹಾಯಿಸುತ್ತಾರೆ. ಬೋಯಿಂಗ್ 787ರಲ್ಲಿ ರೆಕ್ಕೆಗೆ ಇದೇ ಕೆಲಸವನ್ನು ಕರೆಂಟ್ ಮಾಡುತ್ತದೆ. ಇಡೀ ವಿಮಾನವನ್ನೇನೂ ಕಾಯಿಸುವುದಿಲ್ಲ. ನಮ್ಮ ದೇಶದಲ್ಲಿ ಅತಿ ಹೆಚ್ಚು ಓಡಾಡುವ ಏರ್‌ಬಸ್ ಎ320 ರೆಕ್ಕೆಯ ಹೊರಭಾಗಕ್ಕೆ ಮಾತ್ರ ಬಿಸಿಗಾಳಿ ಸಿಗುತ್ತದೆ. ಬಾಲಕ್ಕೆ ಏನೂ ಇಲ್ಲ! ಬಾಲದ ಮೇಲೆ ಐಸ್ ಕೂತರೂ ವಿಮಾನ ಸುರಕ್ಷಿತವಾಗಿ ಹಾರುತ್ತೆ ಅಂತ ಲೆಕ್ಕ ಹಾಕಿ, ಪರೀಕ್ಷೆ ಮಾಡಿ ತೋರಿಸಿದ ಮೇಲೇ ಅದಕ್ಕೆ ಪರವಾನಗಿ ಸಿಕ್ಕಿರುವುದು.

ಸ್ವಿಚ್ ಯಾವಾಗ ಒತ್ತಬೇಕು ಅನ್ನುವುದಕ್ಕೆ ಪೈಲಟ್‌ಗಳ ಸೂತ್ರ ಹೀಗಿದೆ: ಅಳತೆಯ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಜೊತೆಗೆ ಕಣ್ಣಿಗೆ ಕಾಣುವ ತೇವ. ಅಂದರೆ ಮೋಡ, ಮಳೆ, ಮಂಜು ಯಾವುದಾದರೂ ಆಗಬಹುದು. ಐಸ್ ಸೊನ್ನೆಗೆ ತಾನೇ ಆಗೋದು, 10 ಯಾಕೆ ಅಂತ ಕೇಳಬಹುದು. ಹಾರುವ ವಿಮಾನಕ್ಕೆ ಬಡಿದು ನಿಲ್ಲುವ ಗಾಳಿ ಬಿಸಿಯಾಗುತ್ತದೆ. ಥರ್ಮಾಮೀಟರ್‌ಗೆ ಸಿಗುವುದು ಆ ಬಿಸಿಯಾದ ಗಾಳಿ. 10,000 ಅಡಿಯಲ್ಲಿ 250 ನಾಟ್ ವೇಗದಲ್ಲಿ ಹೋಗುವಾಗ ಈ ವ್ಯತ್ಯಾಸವೇ ಸುಮಾರು 11 ಡಿಗ್ರಿ. ಒಳಗೆ 10 ಅಂತ ತೋರಿಸಿದರೆ ಹೊರಗೆ ನಿಜವಾಗಿ ಮೈನಸ್ 1. ಇನ್ನು ನೆಲದ ಮೇಲೆ ಎಂಜಿನ್ ಜೋರಾಗಿ ಗಾಳಿ ಹೀರುವಾಗ ಅದರ ಬಾಯಲ್ಲಿ ಒತ್ತಡ ಇಳಿದು ಗಾಳಿ ತಣ್ಣಗಾಗುತ್ತದೆ. ಅದಕ್ಕೂ ಸೇರಿಸಿ ಇಟ್ಟ ಅಂತರ ಇದು. ಮೇಲೇರುತ್ತಾ ಹೊರಗಿನ ಗಾಳಿ ಮೈನಸ್ 40ಕ್ಕಿಂತ ತಣ್ಣಗಾದ ಮೇಲೆ ಸ್ವಿಚ್ ಆಫ್ ಮಾಡಬಹುದು, ಯಾಕೆಂದರೆ ಅಂಟಿಕೊಳ್ಳುವ ನೀರೇ ಅಲ್ಲಿ ಉಳಿದಿರುವುದಿಲ್ಲ.

ಎಂಜಿನ್ ವಿಷಯದಲ್ಲಿ ಐಸ್ ಕಂಡ ಮೇಲೆ ಆನ್ ಮಾಡೋಣ ಅನ್ನುವ ಹಾಗಿಲ್ಲ. ಮೊದಲೇ ಕೂತ ಐಸ್ ಆಮೇಲೆ ಬಿಸಿಯಾಗಿ ಚಕ್ಕೆಯಾಗಿ ಕಿತ್ತುಕೊಂಡರೆ ಸೀದಾ ಫ್ಯಾನ್ ಬ್ಲೇಡ್‌ಗಳಿಗೆ ಹೋಗುತ್ತದೆ. ರೆಕ್ಕೆಯ ವಿಷಯದಲ್ಲಿ ಅಷ್ಟು ಅವಸರ ಬೇಡ, ಕೂತದ್ದನ್ನು ಆಮೇಲೆ ಕರಗಿಸಬಹುದು. ಹಾಗಾದರೆ ಎಲ್ಲವನ್ನೂ ಸದಾ ಆನ್ ಇಟ್ಟರೆ ಆಗಲ್ವಾ? ಆ ಬಿಸಿಗಾಳಿ ಪುಕ್ಕಟೆ ಬರುವುದಿಲ್ಲ. ಅಷ್ಟು ಇಂಧನ ಹೆಚ್ಚು ಸುಡುತ್ತದೆ, ಎಂಜಿನ್‌ನ ತಳ್ಳುವ ಶಕ್ತಿಯೂ ಕಡಿಮೆಯಾಗುತ್ತದೆ. ಇಷ್ಟೆಲ್ಲ ತಂತ್ರಜ್ಞಾನವಿರುವ ಎ320ರಲ್ಲಿ ಐಸ್ ಬಂತಾ ಅಂತ ನೋಡಲು ಇರುವ ಒಂದು ಸಾಧನ ಯಾವುದು ಗೊತ್ತಾ? ಮುಂದಿನ ಎರಡು ಗಾಜುಗಳ ನಡುವೆ ಹೊರಗಡೆ ಚಾಚಿಕೊಂಡಿರುವ ಒಂದು ಪುಟ್ಟ ಕಡ್ಡಿ. ಅದರ ಮೇಲೆ ಐಸ್ ಕೂತಿದ್ದರೆ ಬೇರೆ ಕಡೆಯೂ ಕೂತಿದೆ ಅಂತ ಅರ್ಥ. ರಾತ್ರಿ ನೋಡಲು ಅದಕ್ಕೊಂದು ಲೈಟ್ ಉಂಟು. ನನಗಂತೂ ಈ ಕಡ್ಡಿ ಬಹಳ ಇಷ್ಟವಾಯಿತು.

ಎಟಿಆರ್‌ನಂಥ ಪ್ರೊಪೆಲರ್ ವಿಮಾನಗಳಲ್ಲಿ ಹಾಗೆ ಧಾರಾಳವಾಗಿ ಬಿಸಿಗಾಳಿ ಖರ್ಚು ಮಾಡುವ ಅನುಕೂಲವಿಲ್ಲ. ಅಲ್ಲಿ ಇರುವುದು ಒಡೆಯುವ ಉಪಾಯ. ರೆಕ್ಕೆಯ ಮುಂಚೂಣಿಗೆ ಕಪ್ಪು ರಬ್ಬರ್ ಪಟ್ಟಿ ಅಂಟಿಸಿರುತ್ತಾರೆ. ಇದಕ್ಕೆ ಬೂಟ್ ಅಂತ ಹೆಸರು. ಒಳಗೆ ಗಾಳಿ ತುಂಬಿದಾಗ ಅದು ಉಬ್ಬಿ, ಮೇಲೆ ಕೂತ ಐಸ್ ಬಿರುಕು ಬಿಟ್ಟು ಹಾರಿಹೋಗುತ್ತದೆ. ಅಮೆರಿಕದ ಗುಡ್‌ರಿಚ್ ಟೈರ್ ಕಂಪನಿಯಿಂದ ನಿವೃತ್ತರಾಗಿದ್ದ ರಸಾಯನ ವಿಜ್ಞಾನಿ ವಿಲಿಯಂ ಗೀರ್ 1920ರ ದಶಕದ ಕೊನೆಯಲ್ಲಿ ಇದರ ಪ್ರಯೋಗ ಶುರುಮಾಡಿದರು. ಸುಮಾರು ನೂರು ವರ್ಷವಾಗುತ್ತಾ ಬಂದರೂ ಮೂಲ ಉಪಾಯ ಬದಲಾಗಿಲ್ಲ. ಪ್ರೊಪೆಲರ್‌ಗಳಿಗೆ, ಗಾಜಿಗೆ, ವೇಗ ಅಳೆಯುವ ಕೊಳವೆಗಳಿಗೆ ಮಾತ್ರ ವಿದ್ಯುತ್ ಹೀಟರ್.

ಈ ಬೂಟ್ ಬಗ್ಗೆ ಪೈಲಟ್‌ಗಳಲ್ಲಿ ದಶಕಗಳ ಕಾಲ ಒಂದು ನಂಬಿಕೆ ಇತ್ತು. ತೆಳು ಐಸ್ ಇರುವಾಗಲೇ ಉಬ್ಬಿಸಿದರೆ ಅದು ಒಡೆಯದೆ, ಉಬ್ಬಿದ ಆಕಾರದಲ್ಲೇ ಕಮಾನಿನ ಹಾಗೆ ನಿಂತುಬಿಡುತ್ತದೆ, ಆಮೇಲೆ ಬೂಟ್ ಒಳಗೊಳಗೇ ಉಬ್ಬಿ ಇಳಿಯುತ್ತಿರುತ್ತದೆ ಅಂತ. ಅದಕ್ಕೇ ಕಾಲು ಇಂಚಾದರೂ ಕೂರಲಿ ಅಂತ ಕಾಯುತ್ತಿದ್ದರು. ಈಗಿನ ಬೂಟ್‌ಗಳ ಮೇಲೆ ಪರೀಕ್ಷೆ ಮಾಡಿ ನೋಡಿದಾಗ ಅಂಥದ್ದೇನೂ ಕಾಣಲಿಲ್ಲ. ಐಸ್ ಶುರುವಾದ ಕೂಡಲೇ ಆನ್ ಮಾಡಿ, ಅದರ ಪಾಡಿಗೆ ಉಬ್ಬಿ ಇಳಿಯುತ್ತಿರಲಿ ಅನ್ನುವುದು ಈಗಿನ ಪಾಠ.

ಆಟೋಪೈಲಟ್ ಮುಚ್ಚಿಟ್ಟ ಗುಟ್ಟು

ಇಲ್ಲಿಯವರೆಗೆ ಎಲ್ಲ ಸುಸೂತ್ರ. ಕಾಯಿಸಿದರು, ಒಡೆದರು, ಮುಗಿಯಿತು ಅನ್ನಿಸುತ್ತದೆ. ಅಷ್ಟೇ ಆಗಿದ್ದರೆ 1994ರ ಅಕ್ಟೋಬರ್ 31ರ ಸಂಜೆ ಅಮೆರಿಕದ ಇಂಡಿಯಾನಾ ರಾಜ್ಯದ ರೋಸ್‌ಲಾನ್ ಎಂಬ ಹಳ್ಳಿಯ ಹೊಲದಲ್ಲಿ 68 ಜನ ಸಾಯುತ್ತಿರಲಿಲ್ಲ.

ಅಮೆರಿಕನ್ ಈಗಲ್ 4184, ಇಂಡಿಯಾನಾಪೊಲಿಸ್‌ನಿಂದ ಶಿಕಾಗೊಗೆ ಹೊರಟಿದ್ದ ಎಟಿಆರ್ 72. ಶಿಕಾಗೊದಲ್ಲಿ ಹವಾಮಾನ ಸರಿಯಿಲ್ಲ, ವಿಮಾನಗಳ ಸಾಲು ಬೆಳೆದಿದೆ, ಸ್ವಲ್ಪ ಕಾಯಿರಿ ಅಂದರು. ವಿಮಾನ 10,000 ಅಡಿ ಎತ್ತರದಲ್ಲಿ, ಮೋಡದೊಳಗೇ, ಅರ್ಧ ಗಂಟೆಗೂ ಹೆಚ್ಚು ಕಾಲ ಸುತ್ತು ಹಾಕಿತು. ಆಟೋಪೈಲಟ್ ಆನ್ ಇತ್ತು. ನಿಧಾನ ವೇಗದಲ್ಲಿ ಮೂಗು ತೀರಾ ಮೇಲೆದ್ದಿದೆ ಅಂತ ಪೈಲಟ್‌ಗಳು ಫ್ಲಾಪ್‌ಗಳನ್ನು 15 ಡಿಗ್ರಿ ಇಳಿಸಿದರು. ಆಗ ಮೂಗು ಕೆಳಗಾಯಿತು. ಬೂಟ್ ಕೆಲಸ ಮಾಡುತ್ತಿತ್ತು. ಕಾಕ್‌ಪಿಟ್‌ನಲ್ಲಿ ಗಾಬರಿಯೇನೂ ಇರಲಿಲ್ಲ.

ಅವತ್ತು ಆ ಮೋಡದಲ್ಲಿ ಇದ್ದದ್ದು ಮಾಮೂಲಿ ಹನಿಗಳಲ್ಲ. ವಿಮಾನಗಳ ಐಸಿಂಗ್ ಪರೀಕ್ಷೆಯ ನಿಯಮ ಬರೆದದ್ದು 1940ರ ದಶಕದಲ್ಲಿ ಸಂಗ್ರಹಿಸಿದ ಮಾಹಿತಿಯ ಮೇಲೆ. ಅದರ ಪ್ರಕಾರ ಹನಿಗಳ ಗಾತ್ರ ಹೆಚ್ಚೆಂದರೆ 50 ಮೈಕ್ರಾನ್. ನಮ್ಮ ತಲೆಕೂದಲಿಗಿಂತ ತೆಳು ಅಂದುಕೊಳ್ಳಿ. ರೋಸ್‌ಲಾನ್ ಮೇಲಿನ ಹನಿಗಳು ಅದರ ಹಲವು ಪಟ್ಟು ದೊಡ್ಡವು, ಹೆಪ್ಪುಗಟ್ಟದ ತುಂತುರು ಮಳೆ. ಅಂಥ ಹನಿ ಮುಂಚೂಣಿಯಲ್ಲೇ ಗಟ್ಟಿಯಾಗದೆ ಬೂಟ್ ದಾಟಿ ಹಿಂದಕ್ಕೆ ಹರಿದು, ರಬ್ಬರ್ ಪಟ್ಟಿ ಮುಗಿಯುವ ಕಡೆ ಒಂದು ಏಣು ಕಟ್ಟಿತು. ಬೂಟ್ ಎಷ್ಟು ಉಬ್ಬಿದರೂ ಆ ಏಣಿಗೆ ಏಟು ಬೀಳುವ ಹಾಗಿಲ್ಲ.

8,000 ಅಡಿಗೆ ಇಳಿಯಿರಿ ಅಂತ ಅಪ್ಪಣೆ ಬಂತು. ಇಳಿಯುವಾಗ ವೇಗ ಏರಿ, ಫ್ಲಾಪ್ ಇಳಿದಿರುವಾಗ ಇಷ್ಟು ವೇಗ ಸಲ್ಲದು ಎಂಬ ಎಚ್ಚರಿಕೆ ಕೂಗಿತು. ಫ್ಲಾಪ್ ಒಳಗೆಳೆದರು, ಅದು ನಿಯಮದ ಪ್ರಕಾರ ಸರಿಯೇ. ಫ್ಲಾಪ್ ಹೋದ ಕೂಡಲೇ ಮೂಗು ಮತ್ತೆ ಮೇಲೇಳಲು ಶುರುವಾಯಿತು, ಗಾಳಿಗೆ ರೆಕ್ಕೆ ಒಡ್ಡುವ ಕೋನ ಹೆಚ್ಚಿತು, ಆ ಐಸಿನ ಏಣಿನ ಹಿಂದೆ ಗಾಳಿ ಕಿತ್ತುಕೊಂಡಿತು. ರೆಕ್ಕೆಯ ತುದಿಯಲ್ಲಿ ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಏಲರಾನ್ ಎಂಬ ಹಲಗೆ ಇದೆಯಲ್ಲ, ಅದನ್ನು ಗಾಳಿಯೇ ಹೀರಿ ಮೇಲಕ್ಕೆತ್ತಿಬಿಟ್ಟಿತು. ಆಟೋಪೈಲಟ್ ತನ್ನಿಂದಾಗದು ಅಂತ ತಾನೇ ಕಳಚಿಕೊಂಡಿತು. ಮರುಕ್ಷಣ ವಿಮಾನ ಬಲಕ್ಕೆ ಮಗುಚಿತು. ಪೈಲಟ್‌ಗಳಿಗೆ ಅದನ್ನು ಮತ್ತೆ ಹತೋಟಿಗೆ ತರಲು ಆಗಲಿಲ್ಲ.

ನನ್ನ ವೃತ್ತಿಗೆ ಪರಿಚಿತ ಸಮಸ್ಯೆ ಅಂದೆನಲ್ಲ, ಅದು ಇದೇ. ಒಂದು ಸರ್ವರ್ ಒಳಗೊಳಗೇ ಸೋರುತ್ತಿರುತ್ತದೆ. ಅದು ಬಿದ್ದಾಗಲೆಲ್ಲ ತಾನಾಗಿಯೇ ಎದ್ದು ನಿಲ್ಲುವ ವ್ಯವಸ್ಥೆ ಇರುತ್ತದೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಮಧ್ಯರಾತ್ರಿ ಒಂದು ಹೊತ್ತಿಗೆ ಆ ವ್ಯವಸ್ಥೆ ಕೈಚೆಲ್ಲಿದಾಗ ನಮಗೆ ಫೋನ್ ಬರುತ್ತದೆ, ಅಷ್ಟರಲ್ಲಿ ಸಣ್ಣ ಸೋರಿಕೆ ದೊಡ್ಡ ಪ್ರವಾಹವಾಗಿರುತ್ತದೆ. ಆಟೋಪೈಲಟ್ ಐಸಿನಲ್ಲಿ ಮಾಡುವುದೂ ಹಾಗೇ. ವಿಮಾನ ಸ್ವಲ್ಪ ವಾಲಿದರೆ ಸದ್ದಿಲ್ಲದೆ ಸರಿಮಾಡುತ್ತದೆ, ವೇಗ ಇಳಿದರೆ ಸದ್ದಿಲ್ಲದೆ ಮೂಗೆತ್ತುತ್ತದೆ. ಕೈಯಲ್ಲಿ ಹಿಡಿದು ಹಾರಿಸುತ್ತಿದ್ದರೆ 'ಯಾಕೋ ಎಳೀತಿದೆ, ಯಾಕೋ ಭಾರ' ಅಂತ ಅನ್ನಿಸಬಹುದಾಗಿದ್ದ ಎಲ್ಲ ಸುಳಿವುಗಳನ್ನೂ ಅದು ನುಂಗಿಕೊಂಡಿರುತ್ತದೆ. ಕೊನೆಗೆ ಬಿಟ್ಟುಕೊಡುವುದು ಅತ್ಯಂತ ಕೆಟ್ಟ ಗಳಿಗೆಯಲ್ಲಿ.

ಅಪಘಾತದ ನಂತರ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಒಂದು ಟ್ಯಾಂಕರ್ ವಿಮಾನ ಆಕಾಶದಲ್ಲಿ ನೀರು ಚಿಮುಕಿಸುತ್ತಾ ಮುಂದೆ ಹೋಯಿತು, ಎಟಿಆರ್ ಅದರ ಹಿಂದೆ ಹಾರಿತು. ಏಣು ಎಲ್ಲಿ ಕಟ್ಟುತ್ತದೆ ಅಂತ ಆಗ ಕಣ್ಣಾರೆ ಕಂಡಿತು. ಬೂಟ್‌ಗಳನ್ನು ಇನ್ನಷ್ಟು ಹಿಂದಕ್ಕೆ ವಿಸ್ತರಿಸಿದರು. ಅಮೆರಿಕನ್ ಈಗಲ್ ತನ್ನ ಎಟಿಆರ್‌ಗಳನ್ನು ಶಿಕಾಗೊ ಚಳಿಯಿಂದ ಕೆರಿಬಿಯನ್‌ನಂಥ ಬೆಚ್ಚಗಿನ ಕಡೆಗೆ ಕಳಿಸಿತು. ಹಿಂದಿನ ಇಂಥ ಘಟನೆಗಳಿಂದ ತನಗೆ ಗೊತ್ತಿದ್ದದ್ದನ್ನು ಎಟಿಆರ್ ಕಂಪನಿ ಪೈಲಟ್‌ಗಳಿಗೆ ಪೂರ್ತಿ ತಿಳಿಸಿರಲಿಲ್ಲ ಎಂದು ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಹೇಳಿತು. ಫ್ರಾನ್ಸ್‌ನ ತನಿಖಾ ಸಂಸ್ಥೆ ಇದನ್ನು ಒಪ್ಪಲಿಲ್ಲ. ದೊಡ್ಡ ಹನಿಗಳನ್ನೂ ಸೇರಿಸಿ ಅಮೆರಿಕ ಪರೀಕ್ಷೆಯ ನಿಯಮ ಬದಲಿಸಿದ್ದು 2014ರಲ್ಲಿ. ಇಪ್ಪತ್ತು ವರ್ಷ! ಇದು ನನಗೆ ಈಗಲೂ ಅರಗುವುದಿಲ್ಲ.

ಪೈಲಟ್‌ಗಳ ತರಬೇತಿ ಮಾತ್ರ ಬೇಗ ಬದಲಾಯಿತು. ಎಟಿಆರ್‌ನಲ್ಲಿ ತೀವ್ರ ಐಸಿಂಗ್‌ನ ಸುಳಿವು ಎಲ್ಲಿ ಹುಡುಕಬೇಕು ಅಂತ ಹೇಳಿಕೊಟ್ಟರು: ಪೈಲಟ್ ಪಕ್ಕದ ಕಿಟಕಿ ಗಾಜಿನ ಮೇಲೆ ಐಸ್ ಹರಡುತ್ತಿದೆಯಾ? ಕಾರಣವಿಲ್ಲದೆ ವೇಗ ಇಳಿಯುತ್ತಿದೆಯಾ? ಹೌದಾದರೆ ಮುಂದಿನ ಕೆಲಸಗಳು ಬಾಯಿಪಾಠ ಇರಬೇಕು. ಕನಿಷ್ಠ ವೇಗದ ಮಿತಿಯನ್ನು 10 ನಾಟ್ ಮೇಲಕ್ಕೆ ಏರಿಸಿಕೊಳ್ಳಬೇಕು. ಎಂಜಿನ್‌ನ ಶಕ್ತಿ ಹೆಚ್ಚಿಸಬೇಕು. ಕಂಟ್ರೋಲ್ ವೀಲನ್ನು ಗಟ್ಟಿಯಾಗಿ ಹಿಡಿದುಕೊಂಡು ಆಮೇಲೆ ಆಟೋಪೈಲಟ್ ಬಿಡಿಸಬೇಕು. ಈ 'ಗಟ್ಟಿಯಾಗಿ ಹಿಡಿದು' ಅನ್ನುವ ಮಾತು ಚೆಕ್‌ಲಿಸ್ಟ್‌ನಲ್ಲೇ ಇದೆ, ಅದು ಎಲ್ಲಿಂದ ಬಂತು ಅಂತ ಈಗ ನಿಮಗೆ ಗೊತ್ತು. ಆಮೇಲೆ ಅಲ್ಲಿಂದ ಹೊರಗೆ ಬೀಳಬೇಕು, ಕಂಟ್ರೋಲರ್‌ಗೆ ತಿಳಿಸಬೇಕು. ಫ್ಲಾಪ್ ಈಗಾಗಲೇ ಇಳಿದಿದ್ದರೆ ಐಸ್ ಹೋಗುವವರೆಗೂ ಅದನ್ನು ಒಳಗೆ ಎಳೆಯಬಾರದು.

ಹೊರಗೆ ಬೀಳುವುದು ಅಂದರೆ ಬಹುಪಾಲು ಸಂದರ್ಭದಲ್ಲಿ ಎರಡು ಮೂರು ಸಾವಿರ ಅಡಿ ಮೇಲಕ್ಕೋ ಕೆಳಕ್ಕೋ ಹೋಗುವುದು. ಐಸ್ ಕಟ್ಟುವ ಪದರ ಸಾಮಾನ್ಯವಾಗಿ ಅಷ್ಟೇನೂ ದಪ್ಪ ಇರುವುದಿಲ್ಲ. ಪರವಾನಗಿ ಇರುವ ವಿಮಾನಕ್ಕೂ ತೀವ್ರ ಐಸಿಂಗ್‌ನಲ್ಲಿ ಉಳಿದುಕೊಳ್ಳುವ ಅನುಮತಿ ಇಲ್ಲ. ಹೀಟರ್, ಬೂಟ್ ಎಲ್ಲ ಇರುವುದು ಹೊರಬರುವಷ್ಟು ಸಮಯ ಕೊಡುವುದಕ್ಕೆ.

ಇಷ್ಟೆಲ್ಲ ಗೊತ್ತಾದ ಮೇಲೂ 2024ರ ಆಗಸ್ಟ್ 9ರಂದು ಬ್ರೆಜಿಲ್‌ನ ವಿನ್ಯೆಡೊ ಊರಿನ ಮನೆಗಳ ನಡುವೆ ವೊಯೆಪಾಸ್ ಕಂಪನಿಯ ಎಟಿಆರ್ 72 ತರಗೆಲೆಯ ಹಾಗೆ ತಿರುಗುತ್ತಾ ಬಿತ್ತು. 62 ಜನ ಹೋದರು. ಆ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅವತ್ತು ಆ ಪ್ರದೇಶಕ್ಕೆ ತೀವ್ರ ಐಸಿಂಗ್ ಮುನ್ಸೂಚನೆ ಇತ್ತು. ಬ್ರೆಜಿಲ್ ತನಿಖಾ ಸಂಸ್ಥೆಯ ಪ್ರಾಥಮಿಕ ವರದಿಯ ಪ್ರಕಾರ ಬೂಟ್‌ಗಳನ್ನು ಹಲವು ಸಲ ಆನ್ ಮಾಡಿ ಆಫ್ ಮಾಡಲಾಗಿತ್ತು. ವಿಮಾನದ ಕಂಪ್ಯೂಟರ್ ಮೂರು ಸಂದೇಶ ಕೊಟ್ಟಿತ್ತು: ಮೊದಲು ವೇಗ ಕಡಿಮೆ ಇದೆ, ಆಮೇಲೆ ವಿಮಾನದ ಸಾಮರ್ಥ್ಯ ಕುಗ್ಗಿದೆ, ಕೊನೆಗೆ ವೇಗ ಹೆಚ್ಚಿಸಿ. ಪ್ರಾಥಮಿಕ ವರದಿ ಇಷ್ಟನ್ನು ದಾಖಲಿಸಿತು, ಯಾಕೆ ಹೀಗಾಯಿತು ಅಂತ ತೀರ್ಪು ಕೊಡಲಿಲ್ಲ. ನಾನೂ ಕೊಡುವುದಿಲ್ಲ. ರೋಸ್‌ಲಾನ್ ಕಾಲದಲ್ಲಿ ಇಲ್ಲದಿದ್ದ ಎಚ್ಚರಿಕೆಯ ವ್ಯವಸ್ಥೆ ಇಲ್ಲಿ ಇತ್ತು, ಕೂಗಿಯೂ ಇತ್ತು ಅನ್ನುವುದನ್ನಷ್ಟೇ ಗಮನಿಸಬಹುದು.

35,000 ಅಡಿಯ ಇನ್ನೊಂದು ಐಸ್

ಮೈನಸ್ 40ರ ಆಚೆ ಅಂಟಿಕೊಳ್ಳುವ ನೀರಿಲ್ಲ ಅಂದೆನಲ್ಲ, ಅಲ್ಲಿ ಬೇರೆ ಶತ್ರು ಇದೆ. ದೊಡ್ಡ ಗುಡುಗುಮೋಡಗಳು ಸಕ್ಕರೆ ಪುಡಿಯಂಥ ಐಸ್ ಹರಳುಗಳನ್ನು ಮೇಲಕ್ಕೆ ಎಸೆಯುತ್ತವೆ. ಇವು ತಣ್ಣಗಿನ ರೆಕ್ಕೆಗೆ ಬಡಿದು ಪುಟಿದು ಹೋಗುತ್ತವೆ, ಅಲ್ಲಿ ತೊಂದರೆ ಇಲ್ಲ. ರೇಡಾರ್‌ಗೂ ಇವು ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಕಾಣುವುದು ನೀರು. ತೊಂದರೆ ಕೊಡುವುದು ಪಿಟೊ ಟ್ಯೂಬ್‌ನಲ್ಲಿ. ವಿಮಾನದ ಮೂಗಿನ ಪಕ್ಕದಲ್ಲಿ ಬೆರಳಿನಂತೆ ಚಾಚಿಕೊಂಡಿರುವ, ಗಾಳಿಯ ಒತ್ತಡದಿಂದ ವೇಗ ಅಳೆಯುವ ಕೊಳವೆ ಅದು.

2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ 447, ಅಟ್ಲಾಂಟಿಕ್ ಮೇಲೆ 35,000 ಅಡಿಯಲ್ಲಿ ಇಂಥ ಹರಳುಗಳೊಳಕ್ಕೆ ಹೋಯಿತು. ಹೀಟರ್ ಇದ್ದರೂ ಪಿಟೊಗಳು ಮುಚ್ಚಿಕೊಂಡವು. ಇದೇ ಮಾದರಿಯ ಪಿಟೊಗಳ ತೊಂದರೆ ಮೊದಲೇ ವರದಿಯಾಗಿ ಬದಲಾಯಿಸುವ ಕೆಲಸವೂ ಶುರುವಾಗಿತ್ತು, ಈ ವಿಮಾನದ ಸರದಿ ಬಂದಿರಲಿಲ್ಲ. ವೇಗದ ಅಂಕಿಗಳು ಒಂದಕ್ಕೊಂದು ಹೊಂದದಾದಾಗ ಆಟೋಪೈಲಟ್ ಕಳಚಿಕೊಂಡಿತು. ಕ್ಯಾಪ್ಟನ್ ವಿಶ್ರಾಂತಿಗೆ ಹೋಗಿದ್ದರು. ಅಲ್ಲಿದ್ದ ಇಬ್ಬರಲ್ಲಿ ಒಬ್ಬರು ಕಂಟ್ರೋಲ್ ಹಿಂದಕ್ಕೆಳೆದರು. ವಿಮಾನ ಸುಮಾರು 38,000 ಅಡಿಗೆ ಏರಿ, ವೇಗ ಕಳೆದುಕೊಂಡು ಸ್ಟಾಲ್ ಆಯಿತು. ಪಿಟೊಗಳು ಒಂದು ನಿಮಿಷದೊಳಗೇ ಸರಿಹೋಗಿದ್ದವು. ಆಟೋಪೈಲಟ್ ಬಿಟ್ಟ ಗಳಿಗೆಯಿಂದ ಸಮುದ್ರ ಮುಟ್ಟುವವರೆಗೆ 4 ನಿಮಿಷ 23 ಸೆಕೆಂಡು. 228 ಜನ. ಕಪ್ಪು ಪೆಟ್ಟಿಗೆಗಳು ಸಮುದ್ರದ ತಳದಿಂದ ಮೇಲೆ ಬಂದದ್ದು 2011ರ ಮೇ ತಿಂಗಳಲ್ಲಿ.

ಆ ನಾಲ್ಕು ನಿಮಿಷದಲ್ಲಿ ಕೋಡ್ ಬರೆಯುವವರೆಲ್ಲ ಒಮ್ಮೆ ಓದಬೇಕಾದ ಒಂದು ವಿವರ ಇದೆ. ಅಳೆದ ವೇಗ 60 ನಾಟ್‌ಗಿಂತ ಕಡಿಮೆಯಾದರೆ ರೆಕ್ಕೆಯ ಕೋನದ ಮಾಹಿತಿ ನಂಬಲರ್ಹವಲ್ಲ ಅಂತ ಆ ಕಂಪ್ಯೂಟರ್‌ನ ತರ್ಕ. ಹಾರುವ ವಿಮಾನ ಅಷ್ಟು ನಿಧಾನವಾಗುತ್ತೆ ಅಂತ ಯಾರು ತಾನೇ ಊಹಿಸುತ್ತಾರೆ? ವಿಮಾನ ನಿಜವಾಗಿಯೂ ಅಷ್ಟು ಆಳವಾದ ಸ್ಟಾಲ್‌ಗೆ ಬಿದ್ದಾಗ ಎಚ್ಚರಿಕೆಯ ಕೂಗು ನಿಂತುಹೋಯಿತು. ಪೈಲಟ್ ಮೂಗು ಸ್ವಲ್ಪ ತಗ್ಗಿಸಿದರೆ, ಅಂದರೆ ಸರಿಯಾದ ಕೆಲಸ ಮಾಡಿದರೆ, ಅಳತೆ ಮತ್ತೆ 'ನಂಬಲರ್ಹ' ಆಗಿ ಎಚ್ಚರಿಕೆ ಮತ್ತೆ ಕೂಗುತ್ತಿತ್ತು. ಕತ್ತಲಲ್ಲಿ ಕೂತು, ಯಾವ ಅಂಕಿ ನಂಬಬೇಕು ಅಂತ ತಿಳಿಯದ ಮನುಷ್ಯನಿಗೆ ಇದರಿಂದ ಏನು ಅರ್ಥವಾಗಬೇಕು ಹೇಳಿ. ಕೋಡ್‌ನ ಪ್ರತಿ ಸಾಲೂ ಬಿಡಿಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇದೆ.

ವೇಗ ಗೊತ್ತಾಗದಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಆಗಲೂ ಉತ್ತರ ಇತ್ತು. ಮೂಗಿನ ಕೋನ ಇಷ್ಟು, ಎಂಜಿನ್ ಶಕ್ತಿ ಇಷ್ಟು ಅಂತ ಇಟ್ಟರೆ ಸ್ವಚ್ಛ ರೆಕ್ಕೆಯ ವಿಮಾನ ಇಷ್ಟೇ ವೇಗದಲ್ಲಿ ಹಾರುತ್ತದೆ, ಮೀಟರ್ ಏನೇ ತೋರಿಸಲಿ. ಏರ್‌ಬಸ್ ಪೈಲಟ್‌ಗಳು ಬಾಯಿಪಾಠ ಮಾಡುವುದು: ಆಟೋಪೈಲಟ್ ಆಫ್, ಆಟೋಥ್ರಸ್ಟ್ ಆಫ್, 10,000 ಅಡಿಗಿಂತ ಮೇಲಿದ್ದರೆ ಮೂಗು 5 ಡಿಗ್ರಿ, ಎಂಜಿನ್ ಏರುಹಾದಿಯ ಶಕ್ತಿಯಲ್ಲಿ. ನೆಲದಿಂದ ಈಗಷ್ಟೇ ಎದ್ದಿದ್ದರೆ 15 ಡಿಗ್ರಿ, ಪೂರ್ತಿ ಶಕ್ತಿ. ಇದು ಕೇವಲ ಮೊದಲ ಕೆಲವು ಸೆಕೆಂಡುಗಳಿಗೆ, ಆಮೇಲೆ ಕೋಷ್ಟಕ ತೆಗೆದು ಕೂಲಂಕಷವಾಗಿ ನೋಡಬಹುದು. ಎಷ್ಟೋ ಸಲ ಸಮತಟ್ಟಾಗಿ ಹಾರುತ್ತಿದ್ದ ವಿಮಾನವನ್ನು ಹಾಗೇ ಬಿಟ್ಟರೂ ಸಾಕು. ಆ ದುರಂತದ ನಂತರ ಜಗತ್ತಿನ ಏರ್‌ಲೈನ್‌ಗಳ ತರಬೇತಿಯಲ್ಲಿ ಎತ್ತರದಲ್ಲಿ ಕೈಯಲ್ಲೇ ಹಾರಿಸುವುದು, ಸ್ಟಾಲ್‌ನಿಂದ ಹೊರಬರುವುದು ಹೆಚ್ಚು ಸೇರಿಕೊಂಡವು. ಮೊದಲಿನ ಪಾಠದಲ್ಲಿ ಸ್ಟಾಲ್ ಹತ್ತಿರ ಬಂದಾಗ ಎತ್ತರ ಕಳೆದುಕೊಳ್ಳದಿರುವುದಕ್ಕೆ ಒತ್ತಿತ್ತು. ಈಗ ಮೊದಲು ಮೂಗು ತಗ್ಗಿಸಿ, ಎತ್ತರ ಹೋದರೆ ಹೋಗಲಿ ಅನ್ನುತ್ತಾರೆ.

ಅದೇ ವರ್ಷ ಫೆಬ್ರವರಿಯಲ್ಲಿ ಅಮೆರಿಕದ ಬಫೆಲೊ ಹತ್ತಿರ ಕೊಲ್ಗನ್ ಏರ್ 3407 ಬಿದ್ದಾಗಲೂ ಎಲ್ಲರೂ ಮೊದಲು ಐಸ್ ಅಂದರು. ಐಸ್ ಇತ್ತು, ಆದರೆ ವಿಮಾನ ಅದನ್ನು ತಾಳಿಕೊಂಡಿತ್ತು. ಐಸಿಂಗ್‌ಗಾಗಿ ಸ್ಟಾಲ್ ಎಚ್ಚರಿಕೆ ಬೇಗ ಬರುವಂತೆ ಸ್ವಿಚ್ ಹಾಕಿದ್ದರು, ಇಳಿಯುವ ವೇಗವನ್ನು ಮಾತ್ರ ಐಸ್ ಇಲ್ಲದ ಲೆಕ್ಕದಲ್ಲಿ ಇಟ್ಟುಕೊಂಡಿದ್ದರು. ಹಾಗಾಗಿ ಕಂಟ್ರೋಲ್ ಗಡಗಡ ಅಲುಗಿದಾಗ ನಿಜವಾದ ಸ್ಟಾಲ್ ಇನ್ನೂ ದೂರವಿತ್ತು. ಕ್ಯಾಪ್ಟನ್ ಬೆಚ್ಚಿ ಹಿಂದಕ್ಕೆಳೆದರು. ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಹೋದರು.

ಮುಂದಿನ ಸಲ ಮಳೆಗಾಲದಲ್ಲಿ ಎಟಿಆರ್ ಹತ್ತಿ ರೆಕ್ಕೆಗಿಂತ ಮುಂದಿನ ಸೀಟು ಸಿಕ್ಕರೆ ಕಿಟಕಿಗೆ ಕೆನ್ನೆ ಒತ್ತಿ ಹಿಂದಕ್ಕೆ, ಮೇಲಕ್ಕೆ ನೋಡಿ. ರೆಕ್ಕೆಯ ಅಂಚಿಗೆ ಕಪ್ಪು ಪಟ್ಟಿ ಕಾಣುತ್ತದೆ. ಮೋಡದೊಳಗೆ ಅದು ಬೆಳ್ಳಗಾಗುತ್ತಾ ಬಂದು, ಸ್ವಲ್ಪ ಹೊತ್ತಿಗೆ ಉಬ್ಬಿ, ಬಿಳಿ ಚೂರುಗಳು ಹಿಂದಕ್ಕೆ ಹಾರಿದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಪ್ರೊಪೆಲರ್ ಪಕ್ಕದ ಸಾಲಿನಲ್ಲಿ ಕೂತವರಿಗೆ ಗೋಡೆಗೆ ಯಾರೋ ಕಲ್ಲು ಹೊಡೆದ ಹಾಗೆ ಟಪ್ ಟಪ್ ಸದ್ದು ಕೇಳಬಹುದು. ಬ್ಲೇಡ್‌ಗಳ ಹೀಟರ್ ಬಿಡಿಸಿದ ಐಸ್ ಅದು. ಅಲ್ಲಿ ಬಡಿಯುತ್ತದೆ ಅಂತ ಗೊತ್ತಿದ್ದೇ ಆ ಜಾಗದ ಗೋಡೆಯನ್ನು ಗಟ್ಟಿ ಮಾಡಿರುತ್ತಾರೆ.